ಸಮದ್ವಿಬಾಹು ಮತ್ತು ಸಮಬಾಹು ತ್ರಿಭುಜಗಳು: ರಚನೆ, ಸಾಧನೆ, ಲೆಕ್ಕ

ಶಾಲೆಯ ಪಾಠದಲ್ಲಿ ಸಮದ್ವಿಬಾಹು ತ್ರಿಭುಜಕ್ಕೆ ಸಿಗುವುದು ಒಂದೆರಡು ಪ್ರಮೇಯ, ಒಂದಿಷ್ಟು ಅಭ್ಯಾಸ ಲೆಕ್ಕ. ಆದರೆ ಮುಂದೆ ವೃತ್ತ, ಸ್ಪರ್ಶಕ, ಬಹುಭುಜಾಕೃತಿ, ತ್ರಿಕೋನಮಿತಿ ಎಲ್ಲಿಗೆ ಹೋದರೂ ಇದೇ ತ್ರಿಭುಜ ಮತ್ತೆ ಎದುರಾಗುತ್ತದೆ. ವೃತ್ತದಲ್ಲಿ ಎರಡು ತ್ರಿಜ್ಯ ಎಳೆದು ತುದಿಗಳನ್ನು ಸೇರಿಸಿದರೆ ಸಮದ್ವಿಬಾಹು. ಬಾಹ್ಯ ಬಿಂದುವಿನಿಂದ ಎರಡು ಸ್ಪರ್ಶಕ ಎಳೆದು ಸ್ಪರ್ಶಬಿಂದುಗಳನ್ನು ಸೇರಿಸಿದರೂ ಸಮದ್ವಿಬಾಹು. ಹಾಗಾಗಿ ಇದರ ಗುಣಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದಕ್ಕಿಂತ, ಅವೆಲ್ಲವೂ ಶೃಂಗದಿಂದ ಪಾದಕ್ಕಿಳಿಯುವ ಒಂದೇ ಗೆರೆಯಿಂದ ಹುಟ್ಟುತ್ತವೆ ಎಂದು ಮನಗಾಣುವುದು ಮೇಲು. ಈ ಬರಹದ ಉದ್ದಕ್ಕೂ ಆ ಗೆರೆಯನ್ನೇ ಹಿಡಿದು ಹೋಗೋಣ. ಕೈವಾರ, ಅಳತೆಪಟ್ಟಿ, ಕೋನಮಾಪಕ, ಚೂಪು ಮಾಡಿದ ಪೆನ್ಸಿಲ್ ಪಕ್ಕದಲ್ಲಿರಲಿ. ಸುಮ್ಮನೆ ಓದಿದರೆ ಅರ್ಧ ಮಾತ್ರ ದಕ್ಕುತ್ತದೆ.

ಹಂತ 1: ಪಾದ ಯಾವುದು ಎಂದು ಮೊದಲು ಗುರುತಿಸಿ

ಎರಡು ಬಾಹುಗಳು ಸಮವಾಗಿರುವ ತ್ರಿಭುಜ ಸಮದ್ವಿಬಾಹು. ಸಮವಾದ ಆ ಎರಡು ಬಾಹುಗಳು ಕೂಡುವ ಜಾಗ ಶೃಂಗ, ಅಲ್ಲಿನ ಕೋನ ಶೃಂಗಕೋನ. ಉಳಿದ ಮೂರನೆಯ ಬಾಹು ಪಾದ, ಅದರ ಎರಡು ತುದಿಗಳಲ್ಲಿರುವುದು ಪಾದಕೋನಗಳು.

ಪಾದ ಎಂದರೆ ಚಿತ್ರದಲ್ಲಿ ಕೆಳಗಿರುವ ಬಾಹು ಎಂದಲ್ಲ. ಪ್ರಶ್ನೆಪತ್ರಿಕೆಯಲ್ಲಿ ತ್ರಿಭುಜವನ್ನು ಓರೆಯಾಗಿ ಅಥವಾ ತಲೆಕೆಳಗಾಗಿ ಬರೆದಿರುತ್ತಾರೆ. ಆಗ ಕೆಳಗಿನ ಬಾಹುವನ್ನೇ ಪಾದವೆಂದು ತಿಳಿದು ತಪ್ಪು ಕೋನಗಳನ್ನು ಸಮ ಎಂದು ಬರೆಯುವ ಮಕ್ಕಳು ಬಹಳ. ಇದಕ್ಕೆ ಒಂದು ಅಭ್ಯಾಸ ಬೇಕು: ಲೆಕ್ಕ ಓದಿದ ಕೂಡಲೇ ಸಮ ಬಾಹುಗಳ ಮೇಲೆ ಒಂದೊಂದು ಅಡ್ಡಗೀಟು ಹಾಕಿ. ಗೀಟಿಲ್ಲದ ಬಾಹುವೇ ಪಾದ. ಸಮ ಬಾಹುವಿಗೆ ಎದುರಿರುವ ಕೋನಗಳು ಸಮ ಎಂಬುದನ್ನು ನೆನಪಿಟ್ಟರೆ ಚಿತ್ರ ಹೇಗೇ ತಿರುಗಿದ್ದರೂ ದಾರಿ ತಪ್ಪುವುದಿಲ್ಲ.

ಮೂರೂ ಬಾಹುಗಳು ಸಮವಾದರೆ ಅದು ಸಮಬಾಹು. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿನಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಎರಡೇ ಬಾಹುಗಳು ಸಮವಿದ್ದರೆ ಮಾತ್ರ ಸಮದ್ವಿಬಾಹು. ನಮ್ಮಲ್ಲಿ, 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ಮೂರಾಗಿ ವಿಂಗಡಿಸಿದ್ದಾರೆ. ಇಂದಿನ ಗಣಿತದಲ್ಲಿ ಸಮಬಾಹುವನ್ನು ಸಮದ್ವಿಬಾಹುವಿನ ವಿಶೇಷ ರೂಪವೆಂದೇ ಎಣಿಸುವುದು ರೂಢಿ. ಇದರಿಂದ ದೊಡ್ಡ ಅನುಕೂಲವಿದೆ: ಸಮದ್ವಿಬಾಹುವಿಗೆ ಸಾಧಿಸಿದ್ದೆಲ್ಲವೂ ಸಮಬಾಹುವಿಗೆ ಪುಕ್ಕಟೆಯಾಗಿ ಸಿಗುತ್ತದೆ, ಅದೂ ಮೂರು ದಿಕ್ಕಿನಿಂದ.

ಹಂತ 2: ಒಂದು ತ್ರಿಭುಜ ಬರೆದು ಇಟ್ಟುಕೊಳ್ಳಿ

12 ಸೆಂ.ಮೀ. ಉದ್ದದ ಬಕ ಎಂಬ ರೇಖಾಖಂಡ ಎಳೆಯಿರಿ. ಕೈವಾರವನ್ನು 10 ಸೆಂ.ಮೀ.ಗೆ ಅಗಲಿಸಿ, ಮುಳ್ಳನ್ನು ಬ ಮೇಲಿಟ್ಟು ಮೇಲ್ಗಡೆ ಒಂದು ಕಂಸ ಎಳೆಯಿರಿ. ಅಗಲವನ್ನು ಅಲುಗಿಸದೆ ಕ ಮೇಲಿಟ್ಟು ಇನ್ನೊಂದು ಕಂಸ. ಎರಡೂ ಕತ್ತರಿಸುವ ಜಾಗ ಅ. ಈಗ ಅಬ, ಅಕ ಸೇರಿಸಿ.

ಕೈವಾರದ ಅಗಲ ಪಾದದ ಅರ್ಧಕ್ಕಿಂತ, ಅಂದರೆ 6 ಸೆಂ.ಮೀ.ಗಿಂತ ಹೆಚ್ಚಿರದಿದ್ದರೆ ತ್ರಿಭುಜವೇ ಆಗದು. ಸರಿಯಾಗಿ 6 ಇಟ್ಟರೆ ಕಂಸಗಳು ಬಕ ಮೇಲೆಯೇ ತಾಕುತ್ತವೆ, 5 ಇಟ್ಟರೆ ತಾಕುವುದೇ ಇಲ್ಲ. ಯಾವುದೇ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚಿರಬೇಕು ಎಂಬ ನಿಯಮ ಕಣ್ಣಿಗೆ ಕಾಣುವುದು ಹೀಗೆ.

ಕೋನಮಾಪಕದಿಂದ ಅಳೆದರೆ ಪಾದಕೋನಗಳು ಸುಮಾರು 53° ಬರುತ್ತವೆ, ಶೃಂಗಕೋನ ಸುಮಾರು 74°. ಈ ತ್ರಿಭುಜವನ್ನು ಕತ್ತರಿಸಿ, ಬ ತುದಿ ಕ ತುದಿಯ ಮೇಲೆ ಕೂರುವಂತೆ ಮಡಿಸಿ. ಒಂದು ಅರ್ಧ ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ಮಿಗದಂತೆ ಕೂರುತ್ತದೆ. ಮಡಿಕೆ ಬಿಡಿಸಿದಾಗ ಕಾಣುವ ಗೆರೆಯೇ ನಾವು ಹಿಡಿದು ಹೊರಟ ಗೆರೆ. ಅದು ಬಕ ಅನ್ನು ಮುಟ್ಟುವ ಜಾಗಕ್ಕೆ ಡ ಎಂದು ಹೆಸರಿಡಿ.

ಹಂತ 3: ಪಾದಕೋನಗಳು ಸಮ ಎಂದು ಸಾಧಿಸಿ

ಮಡಿಸಿ ನೋಡಿದ್ದು ನಂಬಿಕೆ ಕೊಡುತ್ತದೆ, ಸಾಧನೆ ಕೊಡುವುದಿಲ್ಲ. ಪರೀಕ್ಷೆಯಲ್ಲಿ ಬರೆಯುವ ಕ್ರಮದಲ್ಲೇ ಬರೆಯೋಣ.

ದತ್ತ: △ಅಬಕದಲ್ಲಿ ಅಬ = ಅಕ.
ಸಾಧನೀಯ: ∠ಬ = ∠ಕ.
ರಚನೆ: ∠ಅ ಅನ್ನು ಅರ್ಧಿಸುವ ಕೋನಾರ್ಧಕ ಎಳೆಯಿರಿ. ಅದು ಬಕ ಅನ್ನು ಡ ಬಿಂದುವಿನಲ್ಲಿ ಸಂಧಿಸಲಿ.
ಸಾಧನೆ: △ಅಬಡ ಮತ್ತು △ಅಕಡಗಳಲ್ಲಿ, ಅಬ = ಅಕ (ದತ್ತ); ∠ಬಅಡ = ∠ಕಅಡ (ರಚನೆ); ಅಡ ಉಭಯಸಾಮಾನ್ಯ. ಆದ್ದರಿಂದ ಬಾ.ಕೋ.ಬಾ. (ಬಾಹು-ಕೋನ-ಬಾಹು) ಪ್ರಕಾರ ಎರಡೂ ತ್ರಿಭುಜಗಳು ಸರ್ವಸಮ, ಅಂದರೆ ಆಕಾರದಲ್ಲೂ ಅಳತೆಯಲ್ಲೂ ಒಂದೇ. ಸರ್ವಸಮ ತ್ರಿಭುಜಗಳ ಅನುರೂಪ ಕೋನಗಳು ಸಮವಾದ್ದರಿಂದ ∠ಬ = ∠ಕ.

ರಚನೆಯ ಸಾಲಿನಲ್ಲಿ ಒಂದು ಎಚ್ಚರಿಕೆ ಬೇಕು. “ಅ ಇಂದ ಬಕಗೆ, ಅದರ ಮಧ್ಯಬಿಂದುವಿನಲ್ಲಿ ಲಂಬವಾಗುವಂತೆ ಅಡ ಎಳೆ” ಎಂದು ಬರೆಯುವವರಿದ್ದಾರೆ. ಇದು ಸಲ್ಲದು. ಒಂದು ಗೆರೆಗೆ ಒಂದೇ ಕೆಲಸ ಒಪ್ಪಿಸುವ ಅಧಿಕಾರ ನಿಮಗಿದೆ: ಕೋನವನ್ನು ಅರ್ಧಿಸು, ಇಲ್ಲವೇ ಪಾದವನ್ನು ಅರ್ಧಿಸು, ಇಲ್ಲವೇ ಲಂಬವಾಗು. ಮಿಕ್ಕ ಕೆಲಸಗಳನ್ನೂ ಅದು ಮಾಡುತ್ತದೆ ಎಂಬುದು ಸಾಧನೆಯ ಫಲ. ಫಲವನ್ನೇ ರಚನೆಯಲ್ಲಿ ಹಾಕಿಬಿಟ್ಟರೆ ಸಾಧಿಸಲು ಏನೂ ಉಳಿಯುವುದಿಲ್ಲ. ಮಧ್ಯರೇಖೆ (ಶೃಂಗವನ್ನು ಎದುರು ಬಾಹುವಿನ ಮಧ್ಯಬಿಂದುವಿಗೆ ಸೇರಿಸುವ ಗೆರೆ) ಎಳೆದರೆ ಬಾ.ಬಾ.ಬಾ. (ಬಾಹು-ಬಾಹು-ಬಾಹು), ಲಂಬ ಎಳೆದರೆ ಲಂ.ವಿ.ಬಾ. (ಲಂಬಕೋನ-ವಿಕರ್ಣ-ಬಾಹು) ಬಳಸಿ, ಮೂರೂ ದಾರಿ ಅದೇ ಊರಿಗೆ ಮುಟ್ಟಿಸುತ್ತವೆ.

ಗೆರೆಯನ್ನೇ ಎಳೆಯದ ನಾಲ್ಕನೆಯ ದಾರಿಯೂ ಇದೆ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಅಲೆಕ್ಸಾಂಡ್ರಿಯಾದ ಗಣಿತಜ್ಞ ಪಾಪ್ಪಸ್‌ನ ಹೆಸರಿನಲ್ಲಿರುವ ಸಾಧನೆ ಅದು. △ಅಬಕ ಅನ್ನು △ಅಕಬ ಜೊತೆ, ಅಂದರೆ ಅದೇ ತ್ರಿಭುಜದ ಮಗುಚಿದ ರೂಪದ ಜೊತೆ ಹೋಲಿಸಿ. ಅಬ = ಅಕ, ಅಕ = ಅಬ, ನಡುವಿನ ಕೋನ ಎರಡರಲ್ಲೂ ∠ಅ. ಬಾ.ಕೋ.ಬಾ. ಪ್ರಕಾರ ಸರ್ವಸಮ, ಆದ್ದರಿಂದ ∠ಬ = ∠ಕ. ಮುಗಿಯಿತು.

ಹಂತ 4: ವಿಲೋಮವನ್ನು ಪ್ರತ್ಯೇಕವಾಗಿ ಸಾಧಿಸಿ

ಬಾಹುಗಳು ಸಮವಾದರೆ ಕೋನಗಳು ಸಮ ಎಂದು ಗೊತ್ತಾಯಿತು. ಕೋನಗಳು ಸಮವಾದರೆ ಬಾಹುಗಳು ಸಮವೇ? ಹೌದು, ಆದರೆ ಅದು ಬೇರೆ ಪ್ರಮೇಯ, ಬೇರೆ ಸಾಧನೆ. ಅ ಇಂದ ಬಕಗೆ ಲಂಬ ಅಡ ಎಳೆಯಿರಿ. ∠ಬ = ∠ಕ, ಡ ಹತ್ತಿರ ಎರಡೂ ಲಂಬಕೋನ, ಅಡ ಉಭಯಸಾಮಾನ್ಯ. ಕೋ.ಕೋ.ಬಾ. (ಕೋನ-ಕೋನ-ಬಾಹು) ಪ್ರಕಾರ ತ್ರಿಭುಜಗಳು ಸರ್ವಸಮ, ಹಾಗಾಗಿ ಅಬ = ಅಕ.

ಇಲ್ಲಿ ಮಾತ್ರ ಮಧ್ಯರೇಖೆ ಎಳೆಯಬೇಡಿ. ಎಳೆದರೆ ಕೈಗೆ ಸಿಗುವುದು ಬಡ = ಕಡ, ಅಡ ಉಭಯಸಾಮಾನ್ಯ, ∠ಬ = ∠ಕ. ಎರಡು ಬಾಹು ಮತ್ತು ಒಂದು ಕೋನವೇನೋ ಇದೆ, ಆದರೆ ಆ ಕೋನ ಎರಡು ಬಾಹುಗಳ ನಡುವಿನದಲ್ಲ. ಅಂಥ ಜೋಡಿಯಿಂದ ಸರ್ವಸಮತೆ ಹೇಳಲಾಗದು. ಮೊದಲ ಪ್ರಮೇಯದಲ್ಲಿ ಮೂರೂ ಗೆರೆಗಳು ಕೆಲಸಕ್ಕೆ ಬಂದವು, ವಿಲೋಮದಲ್ಲಿ ಕೋನಾರ್ಧಕ ಮತ್ತು ಲಂಬ ಮಾತ್ರ ನೇರವಾಗಿ ನಡೆಯುತ್ತವೆ.

ಹಂತ 5: ಒಂದು ಗೆರೆಯ ನಾಲ್ಕು ಕೆಲಸ

ಶೃಂಗದಿಂದ ಇಳಿಯುವ ಅಡ ಏಕಕಾಲಕ್ಕೆ ಕೋನಾರ್ಧಕ, ಮಧ್ಯರೇಖೆ, ಎತ್ತರ, ಮತ್ತು ಪಾದದ ಲಂಬಾರ್ಧಕ. ಹಂತ 3ರ ಸರ್ವಸಮತೆಯಿಂದ ಬಡ = ಕಡ ತಾನಾಗಿ ಬರುತ್ತದೆ. ∠ಅಡಬ ಮತ್ತು ∠ಅಡಕ ಸಮ. ಎರಡೂ ಸೇರಿ 180°, ಆದ್ದರಿಂದ ಒಂದೊಂದೂ 90°.

ನಮ್ಮ ತ್ರಿಭುಜದಲ್ಲಿ ಇದರ ಲಾಭ ಕೂಡಲೇ ಸಿಗುತ್ತದೆ. ಬಡ = 6, ಅಬ = 10, ಡ ಲಂಬಕೋನ. ಪೈಥಾಗೊರಸ್ ಪ್ರಮೇಯದಿಂದ ಅಡ² = 100 − 36 = 64, ಅಡ = 8 ಸೆಂ.ಮೀ. ವಿಸ್ತೀರ್ಣ ½ × 12 × 8 = 48 ಚ.ಸೆಂ.ಮೀ. ಅಳತೆಪಟ್ಟಿ ಇಟ್ಟು 8 ಬಂತೇ ಎಂದು ಪರೀಕ್ಷಿಸಿ.

ಈ ನಾಲ್ಕು ಕೆಲಸ ಶೃಂಗದಿಂದ ಎಳೆದ ಗೆರೆಗೆ ಮಾತ್ರ. ಪಾದದ ತುದಿಯಾದ ಬ ಇಂದ ಎದುರು ಬಾಹು ಅಕಗೆ ಮೂರು ಗೆರೆ ಎಳೆದು ನೋಡಿ. ಮಧ್ಯರೇಖೆ ಅಕ ಅನ್ನು ಕ ಇಂದ 5 ಸೆಂ.ಮೀ. ದೂರದಲ್ಲಿ ಮುಟ್ಟುತ್ತದೆ. ಕೋನಾರ್ಧಕ ಬಾಹುವನ್ನು 12:10 ಅನುಪಾತದಲ್ಲಿ ಭಾಗಿಸುವುದರಿಂದ ಕ ಇಂದ ಸುಮಾರು 5.5 ಸೆಂ.ಮೀ.ಗೆ ಬರುತ್ತದೆ. ಎತ್ತರದ ಉದ್ದ 2 × 48 ÷ 10 = 9.6, ಅದರ ಬುಡ ಕ ಇಂದ √(144 − 92.16) = 7.2 ಸೆಂ.ಮೀ. ದೂರದಲ್ಲಿದೆ. ಒಂದೇ ಬಾಹುವಿನ ಮೇಲೆ ಮೂರು ಬೇರೆ ಬಿಂದು. “ಸಮದ್ವಿಬಾಹುವಿನಲ್ಲಿ ಮಧ್ಯರೇಖೆಯೇ ಎತ್ತರ” ಎಂದು ಎಲ್ಲ ಗೆರೆಗಳಿಗೂ ಅನ್ವಯಿಸುವವರು ಈ ಚಿತ್ರವನ್ನು ಒಮ್ಮೆ ಬರೆದರೆ ಸಾಕು, ಮತ್ತೆ ಮರೆಯುವುದಿಲ್ಲ.

ಬ ಇಂದ ಎಳೆದ ಗೆರೆಗಳು ಒಂದಾಗದಿದ್ದರೂ ಕ ಇಂದ ಎಳೆದವುಗಳಿಗೆ ಜೋಡಿಯಾಗುತ್ತವೆ. ಬ, ಕ ಇಂದ ಎಳೆದ ಎತ್ತರಗಳು ಪರಸ್ಪರ ಸಮ, ಮಧ್ಯರೇಖೆಗಳು ಸಮ, ಕೋನಾರ್ಧಕಗಳೂ ಸಮ. ತಿರುಗಿಸಿ ಕೇಳಿದರೆ? ಎರಡು ಎತ್ತರ ಸಮವಾದರೆ ತ್ರಿಭುಜ ಸಮದ್ವಿಬಾಹು ಎಂದು ವಿಸ್ತೀರ್ಣದಿಂದ ಒಂದೇ ಸಾಲಿನಲ್ಲಿ ಸಾಧಿಸಬಹುದು. ಮಧ್ಯರೇಖೆಗಳದ್ದೂ ಸುಲಭ. ಕೋನಾರ್ಧಕಗಳದ್ದು ಮಾತ್ರ ಬಗ್ಗದ ಆಸಾಮಿ. 1840ರಲ್ಲಿ ಗಣಿತಜ್ಞ ಲೆಹ್ಮಸ್ ಈ ಪ್ರಶ್ನೆಯನ್ನು ಇನ್ನೊಬ್ಬ ಗಣಿತಜ್ಞ ಸ್ಟರ್ಮ್‌ಗೆ ಬರೆದು ಕೇಳಿದರು. ಸಾಧನೆ ಕೊಟ್ಟವರಲ್ಲಿ ಯಾಕೋಬ್ ಸ್ಟೈನರ್ ಒಬ್ಬರು, ಅದಕ್ಕೇ ಇದು ಸ್ಟೈನರ್–ಲೆಹ್ಮಸ್ ಪ್ರಮೇಯ. ಹೇಳಿಕೆ ಎಂಟನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ, ಸಾಧನೆ ದೊಡ್ಡವರನ್ನೂ ಗಂಟೆಗಟ್ಟಲೆ ಕೂರಿಸುತ್ತದೆ.

ಅಕ್ಷ, ಅಂದರೆ ಶೃಂಗದಿಂದ ಇಳಿಯುವ ನಮ್ಮ ಈ ಗೆರೆ, ಪಾದಕ್ಕೆ ಲಂಬ ಎಂಬ ಗುಣ ಹೊಲದಲ್ಲೂ ದುಡಿಯುತ್ತದೆ. ಇಳಿಜಾರಿನ ಜಮೀನಿನಲ್ಲಿ ಸಮಪಾತಳಿಯ ಬದು ಹಾಕಲು ಬಳಸುವ ಏ-ಫ್ರೇಮ್ ಎಂದರೆ ಸಮ ಉದ್ದದ ಎರಡು ಕೋಲು, ಶೃಂಗದಿಂದ ಸಮ ದೂರದಲ್ಲಿ ಬಿಗಿದ ಒಂದು ಅಡ್ಡಪಟ್ಟಿ, ಶೃಂಗದಿಂದ ಇಳಿಬಿಟ್ಟ ತೂಗುಗುಂಡು. ಎರಡೂ ಕಾಲು ಒಂದೇ ಮಟ್ಟದಲ್ಲಿದ್ದರೆ ಪಾದ ಸಮತಲ. ಶೃಂಗದಿಂದ ನೇರ ಕೆಳಗಿಳಿಯುವ ದಾರ ಆಗ ಪಾದಕ್ಕೆ ಲಂಬ, ಹಾಗಾಗಿ ಅಡ್ಡಪಟ್ಟಿಯ ನಟ್ಟನಡುವೆ ಹಾಯುತ್ತದೆ. ದಾರ ಬಲಕ್ಕೆ ಸರಿದರೆ ಬಲಗಾಲು ತಗ್ಗಿನಲ್ಲಿದೆ ಎಂದರ್ಥ.

ಹಂತ 6: ಕೋನ, ಬಾಹುಗಳ ಲೆಕ್ಕ

ಶೃಂಗಕೋನ ಗೊತ್ತಿದ್ದರೆ ಅದರ ಅರ್ಧವನ್ನು 90°ಯಿಂದ ಕಳೆಯಿರಿ, ಪಾದಕೋನ ಸಿಕ್ಕಿತು. ಪಾದಕೋನ ಗೊತ್ತಿದ್ದರೆ ಅದರ ಎರಡರಷ್ಟನ್ನು 180°ಯಿಂದ ಕಳೆಯಿರಿ. ಶೃಂಗದ ಬಾಹ್ಯಕೋನ ಪಾದಕೋನದ ಎರಡರಷ್ಟು ಎಂಬುದನ್ನೂ ಬರೆದಿಟ್ಟುಕೊಳ್ಳಿ. ವೃತ್ತಕೇಂದ್ರದ ಕೋನ ಪರಿಧಿಯ ಕೋನದ ದುಪ್ಪಟ್ಟು ಎಂಬ ಪ್ರಮೇಯದ ಜೀವ ಇದೇ.

ಎಡವುವುದು ಎಲ್ಲಿ ಎಂದರೆ, ಕೊಟ್ಟ ಕೋನ ಶೃಂಗದ್ದೋ ಪಾದದ್ದೋ ಎಂದು ಹೇಳದಿದ್ದಾಗ. “ಸಮದ್ವಿಬಾಹು ತ್ರಿಭುಜದ ಒಂದು ಕೋನ 40°, ಉಳಿದವು ಎಷ್ಟು?” ಇದಕ್ಕೆ ಎರಡು ಉತ್ತರ: 70°, 70° ಅಥವಾ 40°, 100°. ಕೊಟ್ಟ ಕೋನ 90° ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದೇ ಉತ್ತರ, ಏಕೆಂದರೆ ಅಂಥ ಎರಡು ಕೋನಗಳಿಗೆ ತ್ರಿಭುಜದಲ್ಲಿ ಜಾಗವಿಲ್ಲ. ಬಾಹುಗಳಲ್ಲೂ ಇದೇ ಕಥೆ, ಆದರೆ ಅಲ್ಲಿ ತಿರುವು ಬೇರೆ. ಎರಡು ಬಾಹು 4 ಮತ್ತು 9 ಎಂದರೆ ಸುತ್ತಳತೆ 4 + 4 + 9 ಆಗದು, 4 + 4 ಎಂಬುದು 9ಕ್ಕಿಂತ ಕಡಿಮೆ. ಉತ್ತರ 22 ಒಂದೇ.

ಶೃಂಗಕೋನ 90° ಆದಾಗ ಪಾದಕೋನ 45°, ವಿಕರ್ಣ ಬಾಹುವಿನ √2ರಷ್ಟು. ಕಂಪಾಸ್ ಬಾಕ್ಸ್‌ನ ಎರಡು ಸೆಟ್ ಸ್ಕ್ವೇರ್‌ಗಳಲ್ಲಿ ಒಂದು ಇದೇ.

ಹಂತ 7: ಸಮಬಾಹು

ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊಟ್ಟಮೊದಲ ನಿರ್ಮೇಯವೇ ಸಮಬಾಹು ತ್ರಿಭುಜದ ರಚನೆ. ಬಕ ಎಳೆದು, ಕೈವಾರವನ್ನು ಸರಿಯಾಗಿ ಬಕದಷ್ಟೇ ಅಗಲಿಸಿ, ಎರಡೂ ತುದಿಯಿಂದ ಕಂಸ ಎಳೆದರೆ ಆಯಿತು. ಅಳತೆಪಟ್ಟಿಯ ಅಂಕಿಗಳೂ ಬೇಡ, ಕೋನಮಾಪಕವೂ ಬೇಡ. 60° ಕೋನವನ್ನು ಕೈವಾರದಿಂದ ರಚಿಸುವ ವಿಧಾನವೂ ಇದೇ ತ್ರಿಭುಜದ ಒಂದು ಮೂಲೆ.

ಪಾದಕೋನ ಪ್ರಮೇಯವನ್ನು ಎರಡು ಸಲ ಬಳಸಿ: ಅಬ = ಅಕ ಎಂದಾಗ ∠ಕ = ∠ಬ, ಬಅ = ಬಕ ಎಂದಾಗ ∠ಕ = ∠ಅ. ಮೂರೂ ಸಮ, ಆದ್ದರಿಂದ ತಲಾ 60°. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇನ್ನೊಂದು ಮಾತು: ಸಮದ್ವಿಬಾಹು ತ್ರಿಭುಜದ ಯಾವುದೇ ಒಂದು ಕೋನ 60° ಆದರೂ ಅದು ಸಮಬಾಹುವೇ. ಆ 60° ಶೃಂಗದಲ್ಲಿದ್ದರೆ ಪಾದಕೋನಗಳು 60°, ಪಾದದಲ್ಲಿದ್ದರೆ ಶೃಂಗ 60°. ಕಠಿಣ ಲೆಕ್ಕಗಳಲ್ಲಿ ಬೀಗ ತೆರೆಯುವ ಕೀಲಿ ಬಹುಪಾಲು ಇದೇ.

ಬಾಹು a ಎನ್ನುವ ಬದಲು ‘ಬಾ’ ಎಂದಿಟ್ಟುಕೊಳ್ಳೋಣ. ಎತ್ತರ ಪಾದವನ್ನು ಅರ್ಧಿಸುವುದರಿಂದ, ಎತ್ತರ = √(ಬಾ² − ಬಾ²/4) = (√3/2)ಬಾ, ವಿಸ್ತೀರ್ಣ = (√3/4)ಬಾ². ಬಾಹು 12 ಆದರೆ ಎತ್ತರ 6√3, ಸುಮಾರು 10.4, ವಿಸ್ತೀರ್ಣ 36√3, ಸುಮಾರು 62.4. ಸೂತ್ರ ಮರೆತರೆ ಹೆದರಬೇಡಿ, ಅಕ್ಷ ಎಳೆದು ಪೈಥಾಗೊರಸ್ ಹಾಕಿದರೆ ಅರ್ಧ ನಿಮಿಷದಲ್ಲಿ ಮತ್ತೆ ಹುಟ್ಟುತ್ತದೆ.

ಸಮಬಾಹುವಿಗೆ ಮೂರು ಅಕ್ಷ. ಪ್ರತಿಯೊಂದೂ ನಾಲ್ಕು ಕೆಲಸ ಮಾಡುವುದರಿಂದ ಗುರುತ್ವಕೇಂದ್ರ (ಮಧ್ಯರೇಖೆಗಳು ಕೂಡುವ ಬಿಂದು), ಲಂಬಕೇಂದ್ರ (ಎತ್ತರಗಳು ಕೂಡುವುದು), ಅಂತಃಕೇಂದ್ರ (ಕೋನಾರ್ಧಕಗಳು ಕೂಡುವುದು), ಪರಿಕೇಂದ್ರ (ಲಂಬಾರ್ಧಕಗಳು ಕೂಡುವುದು) ನಾಲ್ಕೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಗುರುತ್ವಕೇಂದ್ರ ಮಧ್ಯರೇಖೆಯನ್ನು 2:1 ಆಗಿ ಭಾಗಿಸುತ್ತದೆ, ಹಾಗಾಗಿ ಪರಿವೃತ್ತದ ತ್ರಿಜ್ಯ ಅಂತರ್ವೃತ್ತದ ತ್ರಿಜ್ಯದ ಎರಡರಷ್ಟು. ಬಾಹು 12ಕ್ಕೆ ಅವು 4√3 ಮತ್ತು 2√3.

ಇಟಲಿಯ ಗಣಿತಜ್ಞ ವಿವಿಯಾನಿ (1622–1703) ಹೆಸರಿನ ಪ್ರಮೇಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಸಮಬಾಹು ತ್ರಿಭುಜದ ಒಳಗೆ ಎಲ್ಲಿಯಾದರೂ ಒಂದು ಬಿಂದು ಇಡಿ. ಅಲ್ಲಿಂದ ಮೂರು ಬಾಹುಗಳಿಗೆ ಇರುವ ಲಂಬದೂರಗಳ ಮೊತ್ತ ಯಾವಾಗಲೂ ತ್ರಿಭುಜದ ಎತ್ತರದಷ್ಟೇ. ಬಿಂದುವನ್ನು ಮೂರು ಶೃಂಗಗಳಿಗೆ ಸೇರಿಸಿದರೆ ಒಂದೇ ಉದ್ದದ ಪಾದವಿರುವ ಮೂರು ತ್ರಿಭುಜಗಳಾಗುತ್ತವೆ, ಅವುಗಳ ವಿಸ್ತೀರ್ಣಗಳ ಮೊತ್ತ ಇಡೀ ತ್ರಿಭುಜದ ವಿಸ್ತೀರ್ಣ. ಎರಡೂ ಕಡೆಯಿಂದ ½ಬಾ ತೆಗೆದರೆ ಸಾಧನೆ ಮುಗಿಯಿತು. ಸಮದ್ವಿಬಾಹುವಿನಲ್ಲೂ ಇದರ ನೆರಳಿದೆ: ಪಾದದ ಮೇಲಿನ ಯಾವುದೇ ಬಿಂದುವಿನಿಂದ ಸಮ ಬಾಹುಗಳಿಗೆ ಇರುವ ದೂರಗಳ ಮೊತ್ತ ಬದಲಾಗದು. ನಮ್ಮ ತ್ರಿಭುಜದಲ್ಲಿ ಅದು 9.6, ಡ ಇಂದ ಅಳೆದರೆ 4.8 + 4.8.

ಹಂತ 8: ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ದುಡಿಸಿ

1922ರಲ್ಲಿ ಎಡ್ವರ್ಡ್ ಲ್ಯಾಂಗ್ಲಿ ಎಂಬ ಇಂಗ್ಲಿಷ್ ಗಣಿತಜ್ಞ ಒಡ್ಡಿದ ಲೆಕ್ಕ ಇದು. △ಅಬಕದಲ್ಲಿ ಅಬ = ಅಕ, ∠ಅ = 20°, ಪಾದಕೋನಗಳು 80°. ಅಕ ಮೇಲೆ ಮ ಎಂಬ ಬಿಂದು, ∠ಕಬಮ = 60°. ಅಬ ಮೇಲೆ ನ ಎಂಬ ಬಿಂದು, ∠ಬಕನ = 50°. ಮನ ಸೇರಿಸಿ. ∠ಬಮನ ಎಷ್ಟು?

ತ್ರಿಭುಜದ ಮೂರು ಕೋನಗಳ ಮೊತ್ತವನ್ನೇ ತಿರುತಿರುಗಿ ಬರೆದರೆ ಉತ್ತರ ಬರುವುದಿಲ್ಲ, ಸಮೀಕರಣಗಳು ಸುತ್ತಿ ಬಂದು ಅದೇ ಜಾಗದಲ್ಲಿ ನಿಲ್ಲುತ್ತವೆ. ಸಮ ಉದ್ದಗಳನ್ನು ಹುಡುಕಬೇಕು.

ಮೊದಲು △ಬಕನ ನೋಡಿ. ∠ಬ = 80°, ∠ಬಕನ = 50°, ಆದ್ದರಿಂದ ∠ಬನಕ = 50°. ಎರಡು ಕೋನ ಸಮ, ಹಾಗಾಗಿ ವಿಲೋಮ ಪ್ರಮೇಯದಿಂದ ಬನ = ಬಕ.

ಈಗ ಒಂದು ಗೆರೆ ಸೇರಿಸಿ: ಅಕ ಮೇಲೆ ಪ ಬಿಂದು, ∠ಕಬಪ = 20° ಆಗುವಂತೆ. △ಬಕಪದಲ್ಲಿ ಕೋನಗಳು 20°, 80°, ಉಳಿದದ್ದು 80°. ಮತ್ತೆ ವಿಲೋಮ: ಬಪ = ಬಕ. ಅಂದರೆ ಬನ = ಬಪ.

△ಬನಪ ಸಮದ್ವಿಬಾಹು ಎಂದಾಯಿತು. ಅದರ ಶೃಂಗಕೋನ ∠ನಬಪ = 80° − 20° = 60°. ಸಮದ್ವಿಬಾಹುವಿನಲ್ಲಿ ಒಂದು ಕೋನ 60°, ಆದ್ದರಿಂದ ಅದು ಸಮಬಾಹು! ಪನ = ಪಬ, ∠ಬಪನ = 60°.

△ಬಪಮಗೆ ಬನ್ನಿ. ∠ಪಬಮ = 60° − 20° = 40°. ∠ಬಪಮ = 180° − 80° = 100°. ಉಳಿದ ∠ಬಮಪ = 40°. ಮೂರನೆಯ ಸಲ ವಿಲೋಮ: ಪಮ = ಪಬ.

ಪನ, ಪಮ ಎರಡೂ ಪಬಗೆ ಸಮ, ಹಾಗಾಗಿ △ಪಮನ ಸಮದ್ವಿಬಾಹು. ಅದರ ಶೃಂಗಕೋನ 100° − 60° = 40°, ಪಾದಕೋನ ತಲಾ 70°. ∠ಪಮನ = 70°, ಅದರಲ್ಲಿ ∠ಬಮಪ = 40° ಕಳೆದರೆ ∠ಬಮನ = 30°.

ಇದನ್ನು ಪುಸ್ತಕ ಮುಚ್ಚಿ ಇನ್ನೊಮ್ಮೆ ನೀವೇ ಬರೆಯಿರಿ. ಬಂದ ಮೇಲೆ ಇದರ ಅಣ್ಣನನ್ನು ಹಿಡಿಯಿರಿ: ಅದೇ 20°–80°–80° ತ್ರಿಭುಜ, ಆದರೆ ∠ಕಬಮ = 70°, ∠ಬಕನ = 60°. ಈ ಸಲ ∠ಬಮನ = 20° ಬರಬೇಕು. ನ ಇಂದ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು ಶುರು ಮಾಡಿ; ದಾರಿಯಲ್ಲಿ ಪಾದ ಬಕ ಮೇಲೆಯೇ ನಿಂತ ಒಂದು ಸಮಬಾಹು ತ್ರಿಭುಜ ಸಿಗುತ್ತದೆ.